ಬೇರಿಲ್ಲದೆ ಬೀಳುವ ಹಲ್ಲು

ಪ್ರಶ್ನೆ: ಮಗಳ ಹಾಲುಹಲ್ಲು ಬಿತ್ತು. ನೋಡಿದರೆ ಅದಕ್ಕೆ ಬೇರೇ ಇಲ್ಲ! ಹೇಗೂ ಬೀಳುವ ಹಲ್ಲನ್ನು ಅಷ್ಟೊಂದು ಜೋಪಾನ ಮಾಡಬೇಕೆ?

ಉತ್ತರ: ಬೇರು ಇತ್ತು, ಕರಗಿಹೋಯಿತು. ವಸಡಿನೊಳಗಿನ ಶಾಶ್ವತ ಹಲ್ಲು ಹೊರಬರಲು ಒತ್ತುತ್ತಿದ್ದಂತೆ ಕೆಲವು ವಿಶೇಷ ಜೀವಕೋಶಗಳು ಹಾಲುಹಲ್ಲಿನ ಬೇರನ್ನು ಸವೆಸುತ್ತ ಬರುತ್ತವೆ. ಹಿಡಿತ ತಪ್ಪಿದ ಹಲ್ಲು ಅಲುಗಾಡಿ ಬೀಳುತ್ತದೆ.

ಜೋಪಾನ ಮಾತ್ರ ಬೇಕೇ ಬೇಕು. ಒಟ್ಟು 20 ಹಾಲುಹಲ್ಲುಗಳಲ್ಲಿ ಮುಂದಿನವು 6–7ನೇ ವಯಸ್ಸಿಗೆ ಬೀಳತೊಡಗಿದರೂ ದವಡೆ ಹಲ್ಲುಗಳು 10–12ರವರೆಗೂ ಅಗಿಯಬೇಕು. ಅವುಗಳ ಎನಾಮಲ್ ತೆಳು, ಹುಳುಕು ಬೇಗ ನರ ಮುಟ್ಟುತ್ತದೆ. ಮೊದಲೇ ಕೀಳಬೇಕಾಗಿ ಬಂದರೆ ಪಕ್ಕದ ಹಲ್ಲುಗಳು ಆ ಜಾಗಕ್ಕೆ ವಾಲಿ, ಹೊಸ ಹಲ್ಲು ಸೊಟ್ಟಗೆ ಬರಬಹುದು.

ಮೊದಲ ಹಲ್ಲು ಕಂಡಾಗಿನಿಂದಲೇ ದಿನಕ್ಕೆರಡು ಸಲ ಉಜ್ಜಿ. 3 ವರ್ಷದವರೆಗೆ ಫ್ಲೋರೈಡ್ ಪೇಸ್ಟ್ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಸಾಕು. ಬಾಯಲ್ಲಿ ಹಾಲಿನ ಬಾಟಲಿ ಇಟ್ಟೇ ಮಲಗಿಸಬೇಡಿ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗಿ ಹಾಲಿನ ಸಕ್ಕರೆ ಹಲ್ಲಿಗೆ ಅಂಟಿಯೇ ಇರುತ್ತದೆ.

ಇನ್ನೊಂದು ಮಾತು: ಆರರ ಆಸುಪಾಸಿನಲ್ಲಿ, ಯಾವ ಹಲ್ಲೂ ಬೀಳದೆ, ದವಡೆಯ ಹಿಂಬದಿಯಲ್ಲಿ ಮೂಡುವ ದಪ್ಪ ಹಲ್ಲು ಹಾಲುಹಲ್ಲಲ್ಲ. ಅದು ಕೆಟ್ಟರೆ ಬದಲಿಗೆ ಮತ್ತೊಂದು ಬರುವುದಿಲ್ಲ.