ಕಂಬಿಯ ಕೆಳಗಿನ ಕಬ್ಬಿಣ

ರೋಣ ತಾಲ್ಲೂಕಿನ ಅಬ್ಬಿಗೇರಿಗೆ ರೈಲುದಾರಿ ಇಲ್ಲ. ಅಲ್ಲಿಯ ಜನ ರೈಲು ಹತ್ತಬೇಕಾದರೆ ಗದಗಕ್ಕೋ ಹೊಳೆಆಲೂರಿಗೋ ಹೋಗಬೇಕು. ಆದರೂ ರೈಲುದಾರಿಯ ಒಂದು ತುಂಡು ಆ ಊರಿನ ಎರೆಹೊಲವೊಂದರಲ್ಲಿ ನಮಗೆ ಕಾಣಸಿಕ್ಕಿತು. ವಿದ್ಯಾರ್ಥಿಗಳೊಡನೆ ಹೊಲದ ದಾರಿಯಲ್ಲಿ ನಡೆಯುತ್ತಿದ್ದಾಗ ಮಳೆಯ ನೀರು ಕೊರೆದ ಸಣ್ಣ ಕೊರಕಲೊಂದು ಅಡ್ಡಬಂದಿತು. ಅದರ ಮೇಲೆ ಆರು ಅಡಿಯಷ್ಟು ಉದ್ದದ, ಬೋರಲು ಹಾಕಿದ ದೋಣಿಯಂಥ ಎರಡು ಉಕ್ಕಿನ ತುಂಡುಗಳನ್ನು ಜೋಡಿಸಿ ಕಾಲುಸೇತುವೆ ಮಾಡಿದ್ದರು. ಎರಡು ತುದಿಗಳೂ ಕೆಳಕ್ಕೆ ಬಾಗಿದ್ದುವು. ನೆತ್ತಿಯ ಮೇಲೆ, ಎರಡು ಎಡೆಗಳಲ್ಲಿ, ತಗಡನ್ನೇ ಕತ್ತರಿಸಿ ಮೇಲಕ್ಕೆತ್ತಿದ ಕಿವಿಗಳಿದ್ದುವು.

“ಇವು ಹಳೇ ಮೀಟರ್ ಗೇಜಿನ ಸ್ಲೀಪರ್ ರೀ, ಸರ್. ದಾರಿ ಕಿತ್ತಾಗ ನಮ್ಮಪ್ಪಾರು ಗುಜರಿಯೊಳಗ ತಂದಿದ್ರು. ಗೆದ್ದಲ ಹತ್ತೂದಿಲ್ಲ, ಬಿಸಿಲಿಗೆ ಸೀಳೂದಿಲ್ಲ” ಎಂದರು ಹೊಲದ ಯಜಮಾನರು.

ಎಂಜಿನಿಯರುಗಳು ಮರವನ್ನು ಬಿಟ್ಟು ಲೋಹಕ್ಕೆ ಏಕೆ ಬಂದರೆಂಬುದಕ್ಕೆ ಇದಕ್ಕಿಂತ ಚಿಕ್ಕ ಉತ್ತರ ಬೇರೊಂದಿಲ್ಲ. ೧೮೭೬-೭೮ರ ಭೀಕರ ಬರಗಾಲದಲ್ಲಿ ಈ ಸೀಮೆಗೆ ಧಾನ್ಯವನ್ನು ಸಾಗಿಸಲು ದಾರಿಯೇ ಇಲ್ಲದೆ ಜನ ಸತ್ತರು. ಅದರ ಬೆನ್ನಿನಲ್ಲಿ, ೧೮೮೨ರಲ್ಲಿ, ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಗದಗದಿಂದ ಬಾದಾಮಿ, ಬಾಗಲಕೋಟೆ, ವಿಜಯಪುರಗಳ ಮೇಲೆ ಸೊಲ್ಲಾಪುರದ ಬಳಿಯ ಹೋಟಗಿಗೆ ಹೋಗುವ ಮೀಟರ್ ಗೇಜ್ ದಾರಿ ಸಿದ್ಧವಾಯಿತು. ಒಂದು ಮೈಲಿ ದಾರಿಗೆ ಎರಡು ಸಾವಿರದಷ್ಟು ಸ್ಲೀಪರುಗಳು ಬೇಕು. ದೇಶದಾದ್ಯಂತ ದಾರಿಗಳು ಬೆಳೆದ ಹಾಗೆಲ್ಲ ಸಾಲ, ತೇಗ, ದೇವದಾರುಗಳ ಕಾಡುಗಳು ಬೋಳಾದುವು. ೧೮೬೪ರಲ್ಲಿ ಅರಣ್ಯ ಇಲಾಖೆ ಸ್ಥಾಪನೆಯಾದುದಕ್ಕೆ ಈ ಸ್ಲೀಪರುಗಳ ಹಸಿವೂ ಒಂದು ಮುಖ್ಯ ಕಾರಣ. ಹೀಗೆ ಕಡಿದು ತಂದ ಮರವಾದರೂ ಒಣಹವೆಯಲ್ಲಿ ಬಿರಿಯುತ್ತಿತ್ತು. ಬಿರಿಯದೆ ಉಳಿದುದನ್ನು ಗೆದ್ದಲು ತಿನ್ನುತ್ತಿತ್ತು.

ಸ್ಲೀಪರು ಮಾಡಬೇಕಾದ ಕೆಲಸವೇನು? ಕಂಬಿಗಳ ನಡುವಣ ಅಂತರವನ್ನು ಕಾಯುವುದೆಂದು ಎಲ್ಲರೂ ಹೇಳುತ್ತಾರೆ. ಅದು ನಿಜ. ಆದರೆ ಎರೆಭೂಮಿಯವರಾದ ನಮಗೆ ಅದರ ಇನ್ನೊಂದು ಕೆಲಸ ಹೆಚ್ಚು ಮುಖ್ಯ. ಬ್ರಾಡ್ ಗೇಜಿನ ಭಾರವಾದ ಸರಕುಬಂಡಿಯ ಒಂದು ಗಾಲಿಯಿಂದ ಕಂಬಿಯ ಮೇಲೆ ೧೧ ಟನ್ನಿಗೂ ಮಿಕ್ಕಿದ ಭಾರ ಬೀಳುತ್ತದೆ. ಗಾಲಿಯೂ ಕಂಬಿಯೂ ಒಂದನ್ನೊಂದು ಮುಟ್ಟುವ ಜಾಗವಾದರೋ ಬೆರಳಿನ ಉಗುರಿನಷ್ಟು! ಅಲ್ಲಿ ಒತ್ತಡವು ಚದರ ಸೆಂಟಿಮೀಟರಿಗೆ ಹತ್ತು ಸಾವಿರ ಕಿಲೋಗ್ರಾಮಿನಷ್ಟು. ಕಂಬಿ ಬಾಗಿ ಆ ಭಾರವನ್ನು ಅಕ್ಕಪಕ್ಕದ ಸ್ಲೀಪರುಗಳಿಗೆ ಹಂಚುತ್ತದೆ; ಗಾಲಿಯ ನೇರ ಕೆಳಗಿರುವ ಸ್ಲೀಪರಿಗೆ ಸುಮಾರು ನೂರಕ್ಕೆ ನಲವತ್ತು ಪಾಲು ಬರುತ್ತದೆ. ಕಂಬಿಯ ಪಾದದಡಿ ಒತ್ತಡ ಚದರ ಸೆಂಟಿಮೀಟರಿಗೆ ಹದಿನೈದು ಕಿಲೋಗ್ರಾಮಿಗೆ ಇಳಿಯಿತು. ಸ್ಲೀಪರಿನ ತಳದಲ್ಲಿ ಅದು ಎರಡು. ಜಲ್ಲಿಯ ಹಾಸನ್ನು ದಾಟಿ ಮಣ್ಣನ್ನು ಮುಟ್ಟುವಾಗ ಒಂದಕ್ಕಿಂತ ಕಡಿಮೆ. ಹತ್ತು ಸಾವಿರದಿಂದ ಒಂದಕ್ಕೆ! ಇಷ್ಟಾದರೂ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಾಯಿಬಿಡುವ ನಮ್ಮ ಕರಿಮಣ್ಣು ಜಲ್ಲಿಯನ್ನು ನುಂಗಿ ದಾರಿಯನ್ನು ಕುಗ್ಗಿಸುವುದುಂಟು. ಆದುದರಿಂದ ಸ್ಲೀಪರಿನ ಅಗಲ, ಉದ್ದ, ಬಿಗುಪುಗಳನ್ನು ಕಣ್ಣಂದಾಜಿನಿಂದ ಗೊತ್ತುಮಾಡುವಂತಿಲ್ಲ.

ಈಗ ಅಬ್ಬಿಗೇರಿಯ ತುಂಡನ್ನು ನೋಡೋಣ. ತಗಡನ್ನು ಚಪ್ಪಟೆಯಾಗಿಯೇ ಬಿಡದೆ ತೊಟ್ಟಿಯಂತೆ ಮಡಿಸಿದುದೇಕೆ? ಒಂದು ಅಂಚೆಕಾರ್ಡನ್ನು ಎರಡು ಪುಸ್ತಕಗಳ ನಡುವೆ ಸೇತುವೆಯಂತಿಟ್ಟು ಅದರ ಮೇಲೆ ನಾಣ್ಯವೊಂದನ್ನು ಇಡಿರಿ, ಕಾರ್ಡು ಜೋಲುತ್ತದೆ. ಅದೇ ಕಾರ್ಡಿನ ಎರಡು ಉದ್ದಂಚುಗಳನ್ನು ಬೆರಳಗಲ ಮಡಿಸಿ ಇಟ್ಟರೆ ಹತ್ತು ನಾಣ್ಯಗಳನ್ನೂ ಹೊರುತ್ತದೆ. ಬಾಗುವಿಕೆಯನ್ನು ತಡೆಯುವುದು ವಸ್ತುವಿನ ಪ್ರಮಾಣವೊಂದೇ ಅಲ್ಲ. ಆ ವಸ್ತು ನಡುವಣ ರೇಖೆಯಿಂದ ಎಷ್ಟು ದೂರದಲ್ಲಿದೆಯೆಂಬುದು. ತೊಟ್ಟಿಯ ಆಕಾರದಿಂದ ಬ್ರಾಡ್ ಗೇಜಿನ ಉಕ್ಕಿನ ಸ್ಲೀಪರನ್ನು ಸುಮಾರು ೮೦ ಕಿಲೋಗ್ರಾಮಿನಲ್ಲಿಯೂ, ಮೀಟರ್ ಗೇಜಿನದನ್ನು ೩೫ ಕಿಲೋಗ್ರಾಮಿನಲ್ಲಿಯೂ ಮುಗಿಸಬಹುದಾಯಿತು. ಬೋರಲು ತೊಟ್ಟಿಯೊಳಗೆ ಜಲ್ಲಿ ತುಂಬಿಕೊಳ್ಳುತ್ತದೆ. ಕೆಳಕ್ಕೆ ಬಾಗಿದ ತುದಿಗಳು ಆ ಜಲ್ಲಿಯನ್ನು ಹಿಡಿದಿಟ್ಟು, ದಾರಿ ಪಕ್ಕಕ್ಕೆ ಸರಿಯದಂತೆ ಲಂಗರಿನ ಕೆಲಸ ಮಾಡುತ್ತವೆ. ಕಂಬಿ ಕೂಡುವ ಪೀಠಗಳು ಒಳಮುಖವಾಗಿ ಇಪ್ಪತ್ತಕ್ಕೆ ಒಂದರಂತೆ ಓರೆಯಾಗಿರುತ್ತವೆ. ಗಾಲಿಯ ಸುತ್ತಿಗೂ ಅಂಥದೇ ಓರೆಯುಂಟು.

ನಮ್ಮ ದೇಶದಲ್ಲಿ ಇನ್ನೊಂದು ಬಗೆಯ ಲೋಹದ ಸ್ಲೀಪರೂ ಬಹಳ ಪ್ರಸಿದ್ಧವಾಗಿತ್ತು: ಸಿ.ಎಸ್.ಟಿ.-೯ ಎಂಬ ಬೀಡುಕಬ್ಬಿಣದ ಸ್ಲೀಪರು. ಪ್ರತಿ ಕಂಬಿಯ ಕೆಳಗೆ ಒಂದೊಂದು ಎರಕದ ಫಲಕ. ಎರಡನ್ನೂ ಕೂಡಿಸುವ ಒಂದು ಉಕ್ಕಿನ ಪಟ್ಟಿ. ಪಟ್ಟಿಯನ್ನು ಬಿಗಿಯಲು ನಾಲ್ಕು ಬೆಣೆಗಳು. ಹೆಸರಿನ ಒಂಬತ್ತು, ಅದು ಪ್ರಯೋಗಕ್ಕೆ ಇಟ್ಟ ಒಂಬತ್ತನೆಯ ಮಾದರಿಯೆಂಬುದನ್ನು ತಿಳಿಸುತ್ತದೆ. ಬೀಡುಕಬ್ಬಿಣಕ್ಕೆ ತುಕ್ಕು ಬೇಗ ಹತ್ತದು. ಆದರೆ ಅದು ಪೆಡಸು. ಹಳಿ ತಪ್ಪಿದ ಗಾಲಿಯ ಒಂದು ಹೊಡೆತಕ್ಕೆ ಮಡಕೆಯಂತೆ ಒಡೆಯುತ್ತದೆ.

ಈ ಎರಡರಲ್ಲಿಯೂ ಕಂಬಿಯನ್ನು ಹಿಡಿದಿಡುತ್ತಿದ್ದುದು ಬೆಣೆ. ಗುದ್ದಲಿಯ ಕಾವು ಸಡಿಲಾದರೆ ನಮ್ಮ ರೈತರು ಮಾಡುವುದೂ ಅದನ್ನೇ ಅಲ್ಲವೆ? ಸಣ್ಣ ಓರೆಯ ಬೆಣೆಗೆ ಹೊಡೆದ ಹೊಡೆತ ಪಕ್ಕಕ್ಕೆ ಬಹು ದೊಡ್ಡ ಒತ್ತಡವಾಗುತ್ತದೆ. ಘರ್ಷಣೆ ಅದನ್ನು ಹಿಂದೆ ಸರಿಯಗೊಡದು. ಆದರೆ ಘರ್ಷಣೆಗೆ ಒಬ್ಬ ಶತ್ರು ಉಂಟು, ಅದೇ ನಡುಕ. ಐವತ್ತೆಂಟು ಬಂಡಿಗಳ ಒಂದು ಸರಕುಗಾಡಿ ಹಾದುಹೋದರೆ ಪ್ರತಿಯೊಂದು ಬೆಣೆಯೂ ಇನ್ನೂರಮೂವತ್ತಕ್ಕಿಂತ ಹೆಚ್ಚು ಸಲ ನಡುಗುತ್ತದೆ. ಅದಕ್ಕಾಗಿಯೇ ರೈಲ್ವೆಯಲ್ಲಿ ಕೀಮನ್ ಎಂಬ ಕೆಲಸಗಾರನಿದ್ದಾನೆ. ಹೆಗಲ ಮೇಲೆ ಸುತ್ತಿಗೆ ಹೊತ್ತು ತನ್ನ ಪಾಲಿನ ದಾರಿಯುದ್ದಕ್ಕೂ ದಿನವೂ ನಡೆದು, ಸಡಿಲಾದ ಬೆಣೆಗಳನ್ನು ಹೊಡೆದು ಬಿಗಿಯುವುದು ಅವನ ಹೆಸರಿಗೆ ಕಾರಣವಾದ ಕೆಲಸ. ಬಿಗಿಯಾದುದು ಖಣಿಲೆಂದು ನಾದಗೊಡುತ್ತದೆ, ಸಡಿಲಾದುದು ಮೊದ್ದಾಗಿ ಸದ್ದುಮಾಡುತ್ತದೆ. ನಮ್ಮ ಪ್ರಯೋಗಶಾಲೆಯ ಶ್ರುತಿಕವಲಿನಿಂದ ಕಲಿಸಲಾಗದ ಧ್ವನಿಶಾಸ್ತ್ರವನ್ನು ಬಿಸಿಲಿನಲ್ಲಿ ನಡೆಯುವ ಈ ಮನುಷ್ಯನಿಂದ ಕಲಿಯಬಹುದೆಂದು ನಾವು ತರಗತಿಯಲ್ಲಿ ಹೇಳುವುದುಂಟು.

ಬೆಣೆಯ ನಿಜವಾದ ಕೊರತೆಯೆಂದರೆ ಅದಕ್ಕೆ ಸ್ಥಿತಿಸ್ಥಾಪಕತ್ವ ಸಾಲದು. ಅರ್ಧ ಮಿಲಿಮೀಟರು ಸವೆದರೂ ಹಿಡಿತವೆಲ್ಲ ಹೋಯಿತು. ನಾರ್ವೆಯ ರೈಲ್ವೆ ಎಂಜಿನಿಯರ್ ಪೇರ್ ಪಾಂಡೆ-ರೋಲ್ಫ್‌ಸನ್ನರು ೧೯೫೭ರಲ್ಲಿ ಇದಕ್ಕೊಂದು ಸೊಗಸಾದ ಪರಿಹಾರವನ್ನು ಕಂಡುಹಿಡಿದರು: ಹೆಬ್ಬೆರಳ ದಪ್ಪದ ಸ್ಪ್ರಿಂಗ್ ಉಕ್ಕಿನ ಸರಳನ್ನು ಸುರುಳಿಯಾಗಿ ಬಾಗಿಸಿದ ಕ್ಲಿಪ್ಪು. ಅವರ ಹೆಸರಿನ ತುಂಡುಗಳಿಂದಲೇ ‘ಪ್ಯಾಂಡ್ರೋಲ್’ ಎಂಬ ಹೆಸರು ಹುಟ್ಟಿತು. ಇಂದು ನೀವು ಯಾವ ನಿಲ್ದಾಣದಲ್ಲಿ ಬಗ್ಗಿ ನೋಡಿದರೂ ಇಂಥ ಕ್ಲಿಪ್ಪುಗಳನ್ನು ಕಾಣುವಿರಿ. ಭಾರತೀಯ ರೈಲ್ವೆಯ ಮಾರ್ಕ್-೩ ಕ್ಲಿಪ್ಪಿನ ಮೂತಿಯನ್ನು ಕಂಬಿಯ ಪಾದದ ಮೇಲೆ ಕೂರಿಸುವಾಗ ಅದು ಸುಮಾರು ೧೩.೫ ಮಿಲಿಮೀಟರು ಮೇಲಕ್ಕೇಳುತ್ತದೆ. ಹಾಗೆ ಎದ್ದುದರ ಫಲವಾಗಿ ೮೫೦ರಿಂದ ೧,೧೦೦ ಕಿಲೋಗ್ರಾಂ ಭಾರದಷ್ಟು ಬಲದಿಂದ ಕಂಬಿಯನ್ನು ಒತ್ತುತ್ತದೆ. ಹುಕ್ ನಿಯಮವನ್ನು ಇಲ್ಲಿ ನೆನೆಯಿರಿ. ಒಂದು ಮಿಲಿಮೀಟರು ಸವೆದುಹೋಯಿತೆನ್ನಿ. ಬಲ ಕುಗ್ಗುವುದು ಹದಿಮೂರೂವರೆಯಲ್ಲಿ ಒಂದು ಪಾಲು, ಎಂದರೆ ನೂರಕ್ಕೆ ಏಳೋ ಎಂಟೋ. ಬಗ್ಗುವುದೇ ಇಲ್ಲಿ ಬಿಗಿಯಾಗಿ ಹಿಡಿಯುತ್ತದೆ.

ಈ ಹಿಡಿತದ ಬೆಲೆ ತಿಳಿಯುವುದು ನಮ್ಮ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನದಲ್ಲಿ. ಹಿಂದೆ ೧೩ ಮೀಟರಿನ ಕಂಬಿಗಳ ನಡುವೆ ಕೆಲವು ಮಿಲಿಮೀಟರು ಸಂದು ಬಿಡುತ್ತಿದ್ದರು. ರೈಲಿನ ಟಕ್-ಟಕ್ ಲಯ ಆ ಸಂದುಗಳದು. ಈಗ ಕಂಬಿಗಳನ್ನು ಕಿಲೋಮೀಟರುಗಟ್ಟಲೆ ಬೆಸೆದಿರುತ್ತಾರೆ. ಹಿಗ್ಗಲು ಎಡೆಯಿಲ್ಲದ ಕಂಬಿ ಏನು ಮಾಡೀತು? ಮೀಟರಿಗೆ ೬೦ ಕಿಲೋಗ್ರಾಮಿನ ಕಂಬಿಯ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು ೭೭ ಚದರ ಸೆಂಟಿಮೀಟರು. ಉಕ್ಕಿನ ಯಂಗ್ ಗುಣಾಂಕವನ್ನೂ ವ್ಯಾಕೋಚನ ಗುಣಾಂಕವನ್ನೂ ತೆಗೆದುಕೊಂಡು ಗುಣಿಸಿದರೆ ಒಂದೊಂದು ಡಿಗ್ರಿಗೂ ೧,೮೫೦ ಕಿಲೋಗ್ರಾಮಿನಷ್ಟು ಬಲ ಕಂಬಿಯೊಳಗೆ ಹುಟ್ಟುತ್ತದೆ. ೩೫ ಡಿಗ್ರಿಯಲ್ಲಿ ಬಿಗಿದ ಕಂಬಿ ಬಿಸಿಲಿಗೆ ೬೦ ಡಿಗ್ರಿ ಮುಟ್ಟಿದರೆ, ಒಂದು ಕಂಬಿಯಲ್ಲೇ ೪೬ ಟನ್ನಿನ ಒತ್ತುಬಲ! ಕ್ಲಿಪ್ಪುಗಳೂ ಸ್ಲೀಪರುಗಳೂ ಜಲ್ಲಿಯೂ ಕೂಡಿ ತಡೆಯದಿದ್ದರೆ ದಾರಿ ಹಾವಿನಂತೆ ಪಕ್ಕಕ್ಕೆ ಹೊರಳುತ್ತದೆ. ಆಗ ಮೇಲೆ ಬರುವ ಗಾಡಿಯ ಗತಿ ಏನಾದೀತೆಂದು ವಿವರಿಸಬೇಕಾಗಿಲ್ಲ.

ಇಲ್ಲಿಯೇ ಉಕ್ಕಿನ ಸ್ಲೀಪರು ಹಿಂದೆಬಿದ್ದಿತು. ಬ್ರಾಡ್ ಗೇಜಿನ ಪೂರ್ವಪೀಡಿತ ಕಾಂಕ್ರೀಟಿನ ಸ್ಲೀಪರು ಅದರ ಮೂರು ಪಟ್ಟಿಗೂ ಹೆಚ್ಚು ಭಾರ. ಭಾರವೇ ಇಲ್ಲಿ ಗುಣ. ಇನ್ನೊಂದು ತೊಡಕು ವಿದ್ಯುತ್ತಿನದು. ೧೮೭೨ರಲ್ಲಿ ಅಮೆರಿಕದ ವಿಲಿಯಂ ರಾಬಿನ್‌ಸನ್ ಕಂಡುಹಿಡಿದ ಟ್ರ್ಯಾಕ್ ಸರ್ಕಿಟ್ಟಿನಲ್ಲಿ ಎರಡು ಕಂಬಿಗಳೂ ತಂತಿಗಳಂತೆ ಕೆಲಸಮಾಡುತ್ತವೆ. ಗಾಡಿ ಬಂದಾಗ ಅದರ ಅಚ್ಚು ಎರಡನ್ನೂ ಕೂಡಿಸಿ ವಿದ್ಯುತ್ತಿಗೆ ಅಡ್ಡದಾರಿ ಮಾಡಿಕೊಡುತ್ತದೆ. ರಿಲೇ ಬಿದ್ದು ಸಿಗ್ನಲು ಕೆಂಪಾಗುತ್ತದೆ. ಲೋಹದ ಸ್ಲೀಪರಾದರೆ ಗಾಡಿಯಿಲ್ಲದೆಯೇ ಆ ಅಡ್ಡದಾರಿ ತೆರೆದಿರುತ್ತದೆ! ರಬ್ಬರಿನ ಹಾಸು, ಅವಾಹಕದ ಒಳಪದರಗಳನ್ನು ಇಟ್ಟು ತಪ್ಪಿಸಬಹುದು. ಆದರೆ ಸಾವಿರಾರು ಹಾಸುಗಳಲ್ಲಿ ಒಂದು ಹರಿದರೂ ಸಿಗ್ನಲಿಗೆ ಗ್ರಹಣ. ನಮ್ಮಲ್ಲಿ ೧೯೬೦ರ ದಶಕದ ಕೊನೆಯಿಂದ ಕಾಂಕ್ರೀಟು ಬಂದಿತು. ಗದಗ-ಹೋಟಗಿ ದಾರಿ ಈ ಶತಮಾನದ ಮೊದಲ ದಶಕದಲ್ಲಿ ಬ್ರಾಡ್ ಗೇಜಾದಾಗ ಮೀಟರ್ ಗೇಜಿನ ಉಕ್ಕಿನ ತೊಟ್ಟಿಗಳಿಗೆ ಅಲ್ಲಿ ಕೆಲಸವಿಲ್ಲವಾಯಿತು.

ಲೋಹ ಪೂರ್ತಿ ಸೋತಿತೆನ್ನಲಾಗದು. ನದಿಯ ಮೇಲಣ ಉಕ್ಕಿನ ತೊಲೆಗಳ ಸೇತುವೆಗಳಲ್ಲಿ, ಜಲ್ಲಿಯ ಹಾಸಿಲ್ಲದ ಕಡೆ, ಭಾರವಾದ ಕಾಂಕ್ರೀಟು ಒಗ್ಗದು. ಅಲ್ಲಿ ಮರದ ಬದಲು ಉಕ್ಕಿನ ಚಾನೆಲ್ ಸ್ಲೀಪರುಗಳನ್ನು ರಬ್ಬರಿನ ಹಾಸಿನ ಮೇಲೆ ಕೂರಿಸುತ್ತಾರೆ. ಜರ್ಮನಿಯಲ್ಲಿ ಇಂಗ್ಲಿಷಿನ ‘ವೈ’ ಅಕ್ಷರದಂತೆ ಕವಲೊಡೆದ ಉಕ್ಕಿನ ಸ್ಲೀಪರುಗಳನ್ನು ಕೂಡ ಬಳಸಿದ್ದಾರೆ.

ಮತ್ತೆ ಆ ಕಿವಿಗಳ ವಿಷಯ. ತಗಡನ್ನು ಮೂರು ಕಡೆ ಕತ್ತರಿಸಿ ಮೇಲಕ್ಕೆತ್ತಿದರೆ ಬೇರೆ ಹಿಡಿಕೆಯೇ ಬೇಡ, ಅಗ್ಗದ ಉಪಾಯ. ಆದರೆ ಕತ್ತರಿಸಿದ ಚೂಪು ಮೂಲೆಯಲ್ಲಿ ಪೀಡನ ಒಟ್ಟುಗೂಡುತ್ತದೆ. ಬಟ್ಟೆಯಂಗಡಿಯವನು ಅರಿವೆಯ ಅಂಚಿಗೆ ಕತ್ತರಿಯಿಂದ ಸಣ್ಣ ಕಚ್ಚು ಹಾಕಿ ಸರ್ರನೆ ಹರಿಯುವುದನ್ನು ನೋಡಿಲ್ಲವೆ? ಲಕ್ಷಗಟ್ಟಲೆ ಗಾಲಿಗಳು ಹಾದಂತೆ ಆ ಮೂಲೆಯಲ್ಲಿ ಕೂದಲಿನಂಥ ಬಿರುಕು ಮೂಡಿ ಬೆಳೆಯುತ್ತದೆ. ಆದುದರಿಂದ ಮುಂದಿನ ಮಾದರಿಗಳಲ್ಲಿ ಕಿವಿಗಳನ್ನು ಬಿಟ್ಟು, ದುಂಡಗಿನ ತೂತು ಕೊರೆದು, ಅದರಲ್ಲಿ ಬಿಡಿ ದವಡೆಗಳನ್ನು ತೊಡಿಸಿದರು.

ಇದನ್ನೆಲ್ಲ ಕೊರಕಲಿನ ದಂಡೆಯಲ್ಲಿಯೇ ನಿಂತು ಹೇಳುತ್ತಿದ್ದಾಗ, ವಿದ್ಯಾರ್ಥಿನಿಯೊಬ್ಬಳು ಬಗ್ಗಿ ಕಿವಿಯೊಂದರ ಬುಡವನ್ನು ಬೆರಳಿನಿಂದ ಒರೆಸಿದಳು. ಮಣ್ಣು ಜಾರಿತು. ಮೂಲೆಯಿಂದ ಎರಡು ಅಂಗುಲ ಉದ್ದದ ಬಿರುಕು ಸ್ಪಷ್ಟವಾಗಿ ಕಂಡಿತು. ಯಜಮಾನರನ್ನು ಕರೆದು ತೋರಿಸಿದೆವು. ಅವರು ಕಾಲಿನಿಂದ ಒಮ್ಮೆ ಒದ್ದು, ಸದ್ದನ್ನು ಕೇಳಿ, “ರೈಲಿನ ಭಾರಕ್ಕ ಸಾಲದಿದ್ರೂ ನಮ್ಮ ಎತ್ತಿನ ಭಾರಕ್ಕ ಸಾಕ್ರೀ, ಸರ್” ಎಂದರು.