ರಾಜ ಹೋದ ಮೇಲೆ ಕಲಾವಿದನಿಗೆ ಯಾರು ದಿಕ್ಕು?

ಮೈಸೂರಿನ ಜಗನ್ಮೋಹನ ಅರಮನೆ ನೋಡಿ ಬಂದವರನ್ನ ಕೇಳಿ, ಏನು ನೋಡಿದ್ರಿ ಅಂತ. ದೀಪ ಹಿಡಿದ ಹೆಂಗಸಿನ ಚಿತ್ರ ಅಂತಾರೆ. ಬರೆದವರು ಯಾರು ಅಂದ್ರೆ, ಬಹಳ ಜನ ರವಿವರ್ಮ ಅಂದುಬಿಡ್ತಾರೆ. ಅಲ್ಲ, ಅದು ಎಸ್.ಎಲ್. ಹಲ್ದಣಕರ್ ಅವರ ಚಿತ್ರ. ಇರಲಿ. ಇನ್ನೊಂದು ಪ್ರಶ್ನೆ ಕೇಳಿ: ಇದೇ ಮೈಸೂರಿನಲ್ಲಿ ಹುಟ್ಟಿ, ದೇಶದ ದೊಡ್ಡ ಕಲಾವಿದರ ಸಾಲಿನಲ್ಲಿ ನಿಂತ ಚಿತ್ರಕಾರ ಯಾರು? ಇಲ್ಲಿ ಮಾತು ನಿಂತುಹೋಗುತ್ತೆ.

ಅವರ ಹೆಸರು ಕೆ. ವೆಂಕಟಪ್ಪ. ಹುಟ್ಟಿದ್ದು 1886ರಲ್ಲಿ, ಅರಮನೆಗೆ ಚಿತ್ರ ಬರೆದುಕೊಡುತ್ತಿದ್ದ ಮನೆತನದಲ್ಲಿ. ಹುಡುಗನ ಕೈಚಳಕ ನಾಲ್ವಡಿ ಕೃಷ್ಣರಾಜ ಒಡೆಯರ್ ಕಣ್ಣಿಗೆ ಬಿತ್ತು. ಅರಮನೆಯ ನೆರವಿನಿಂದ 1909ರಲ್ಲಿ ವೆಂಕಟಪ್ಪ ಕಲ್ಕತ್ತಾದ ಸರ್ಕಾರಿ ಕಲಾಶಾಲೆ ಸೇರಿದರು. ಅಲ್ಲಿ ಗುರು ಅವನೀಂದ್ರನಾಥ ಠಾಕೂರ್, ಜೊತೆಗೆ ಕಲಿಯುತ್ತಿದ್ದವರು ನಂದಲಾಲ್ ಬೋಸ್.

ಆ ಕಾಲ ಎಂಥದ್ದು ನೋಡಿ. ಒಂದು ಕಡೆ ರವಿವರ್ಮ ತೋರಿಸಿಕೊಟ್ಟ ದಾರಿ: ಪಾಶ್ಚಾತ್ಯ ರೀತಿಯ ತೈಲವರ್ಣ, ಎದುರಿಗೆ ನಿಂತ ಮನುಷ್ಯ ಹೇಗಿದ್ದಾನೋ ಹಾಗೇ ಬರೆಯೋದು. ಇನ್ನೊಂದು ಕಡೆ ಬಂಗಾಳದವರು, ನಮ್ಮ ಅಜಂತಾ ಇದೆ, ಮೊಗಲರ ಕಿರುಚಿತ್ರ ಇದೆ, ಅಲ್ಲಿಂದ ಶುರು ಮಾಡೋಣ ಅಂತಿದ್ದರು. ಇವರದು ಜಲವರ್ಣ. ತೆಳ್ಳಗೆ ಬಣ್ಣ ಹಚ್ಚೋದು, ಕಾಗದವನ್ನ ನೀರಲ್ಲಿ ಅದ್ದೋದು, ಒಣಗಿಸೋದು, ಮತ್ತೆ ಹಚ್ಚೋದು. ಹೀಗೆ ಪದರ ಪದರವಾಗಿ ಬಣ್ಣ ಕಾಗದದ ಒಳಗೇ ಇಳಿಯುತ್ತೆ. ಅವಸರದವರಿಗೆ ಆಗುವ ಕೆಲಸ ಅಲ್ಲ.

ನಾನು ಇಂಜಿನಿಯರಿಂಗ್ ಓದಿದವನು. ಡ್ರಾಯಿಂಗ್ ಅಂದ್ರೆ ನಮಗೆ ಸ್ಕೇಲು, ಅಳತೆ, ಕೋನ. ಚಿತ್ರಕಲೆಯಲ್ಲೂ ಅಂಥದ್ದೇ ಕಟ್ಟುನಿಟ್ಟಿನ ಲೆಕ್ಕ ಇದೆ ಅಂತ ನನಗೆ ತೋರಿಸಿದ್ದು ಅವನೀಂದ್ರನಾಥರು ಭಾರತೀಯ ಕಲೆಯ ಅಂಗರಚನೆ ಬಗ್ಗೆ ಬರೆದ ಪುಟ್ಟ ಪುಸ್ತಕ. 1914ರದ್ದು. ನಮ್ಮ ಶಿಲ್ಪ, ಚಿತ್ರಗಳಲ್ಲಿ ಕಣ್ಣು ಮೀನಿನಂತೆ, ಹುಬ್ಬು ಬೇವಿನೆಲೆಯಂತೆ, ಮೂಗು ಎಳ್ಳು ಹೂವಿನಂತೆ, ತೊಡೆ ಬಾಳೆದಿಂಡಿನಂತೆ. ದೇಹವನ್ನ ಕನ್ನಡಿಯ ಹಾಗೆ ನಕಲು ಮಾಡೋದಲ್ಲ, ಪ್ರಕೃತಿಯಿಂದ ಆಕಾರ ಆರಿಸಿ ಕಟ್ಟೋದು. ಆ ಪುಸ್ತಕಕ್ಕೆ ರೇಖಾಚಿತ್ರ ಬರೆದುಕೊಟ್ಟವರು ನಂದಲಾಲ್ ಮತ್ತು ನಮ್ಮ ವೆಂಕಟಪ್ಪ. ಅದಕ್ಕೂ ಒಂದು ವರ್ಷ ಮೊದಲು, ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಅವರ ಹಿಂದೂ, ಬೌದ್ಧ ಪುರಾಣಕಥೆಗಳ ಇಂಗ್ಲಿಷ್ ಪುಸ್ತಕ ಬಂದಿತ್ತು. ಅದರಲ್ಲಿ ರಾಮಾಯಣದ ಚಿತ್ರಗಳನ್ನ ಬರೆದವರಲ್ಲೂ ವೆಂಕಟಪ್ಪ ಇದ್ದಾರೆ. ಆಗ ಅವರಿಗೆ ವಯಸ್ಸು ಮೂವತ್ತೂ ಆಗಿರಲಿಲ್ಲ!

ಕಲಿಕೆ ಮುಗಿಸಿ ಊರಿಗೆ ಬಂದರು. ಬಂದವರಿಗೆ ಸಂಗೀತದ ಹುಚ್ಚು ಹಿಡೀತು. ವೀಣೆ ಶೇಷಣ್ಣನವರ ಬಳಿ ವೀಣೆ ಕಲಿತರು. ಈ ಹುಚ್ಚನ್ನೇ ವಸ್ತು ಮಾಡಿಕೊಂಡು 'ಮ್ಯಾಡ್ ಆಫ್ಟರ್ ವೀಣಾ' ಅಂತ ಒಂದು ಚಿತ್ರವನ್ನೂ ಬರೆದರು. ತಮ್ಮನ್ನ ತಾವೇ ಹೀಗೆ ಗೇಲಿ ಮಾಡಿಕೊಳ್ಳೋಕೂ ಧೈರ್ಯ ಬೇಕು ಸ್ವಾಮಿ. ಊಟಿ, ಕೊಡೈಕನಾಲ್‌ಗೆ ಹೋಗಿ ಬೆಟ್ಟ, ಕೆರೆ, ಮಂಜು ಬರೆದರು. ಮಹಾರಾಜರ ಅರಮನೆಗಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಉಬ್ಬುಚಿತ್ರಗಳನ್ನ ಮಾಡಿದರು. ಮದುವೆ ಆಗಲಿಲ್ಲ. ಕೆಲಸವೇ ಸಂಸಾರ.

ಕಥೆ ತಿರುಗೋದು ಇಲ್ಲಿ. 1940ರ ಆಗಸ್ಟ್ 3ರಂದು ನಾಲ್ವಡಿಯವರು ತೀರಿಕೊಂಡರು. ನಂತರ ಬಂದ ಜಯಚಾಮರಾಜ ಒಡೆಯರ್ ಕೂಡ ಕಲೆ ಬಲ್ಲವರೇ, ಸ್ವತಃ ಕೀರ್ತನೆ ರಚಿಸಿದವರು. ಆದರೆ ವೆಂಕಟಪ್ಪನವರಿಗೂ ಅರಮನೆಗೂ ಇದ್ದ ನಂಟು ಕಳಚಿತು. ಅವರು ಹುಟ್ಟೂರು ಬಿಟ್ಟು ಬೆಂಗಳೂರು ಸೇರಿದರು. ಅಷ್ಟಕ್ಕೇ ಸುಮ್ಮನಾಗಲಿಲ್ಲ, ಅರಮನೆಯ ವಿರುದ್ಧ ಕೋರ್ಟಿಗೆ ಹೋದರು. ತಲೆತಲಾಂತರದಿಂದ ಅರಮನೆಯ ಅನ್ನ ತಿಂದ ಮನೆಯವರು ಅರಮನೆ ಮೇಲೇ ಕೇಸು! ಊರಲ್ಲಿ ಏನೆಲ್ಲ ಮಾತು ಬಂದಿರಬಹುದು, ನೀವೇ ಊಹಿಸಿಕೊಳ್ಳಿ.

ಅದು ಅಹಂಕಾರವೇ? ನನಗೆ ಹಾಗೆ ಅನ್ನಿಸಲ್ಲ. ರಾಜ ಕೊಟ್ಟರೆ ಅದು ಕೃಪೆ, ಕೊಡದಿದ್ದರೆ ಹಣೆಬರಹ. ಅದು ಹಳೇ ಕಾಲದ ನಿಯಮ. ನನ್ನ ಕೆಲಸಕ್ಕೆ ಬೆಲೆ ಇದೆ, ಅದು ನನ್ನ ಹಕ್ಕು ಅನ್ನೋದು ಹೊಸ ಕಾಲದ ಮಾತು. ಕೋರ್ಟಿನ ಮೆಟ್ಟಿಲು ಹತ್ತಿದ ಕಲಾವಿದ ಹೊಸ ಕಾಲದವನು.

ಈಗ ನಂದಲಾಲ್ ಬೋಸ್ ಅವರನ್ನ ನೋಡಿ. ಅದೇ ಗುರು, ಅದೇ ಪುಸ್ತಕದಲ್ಲಿ ಕೆಲಸ. ಅವರು ಶಾಂತಿನಿಕೇತನದ ಕಲಾಭವನದ ಮುಖ್ಯಸ್ಥರಾದರು. ಸುತ್ತ ಶಿಷ್ಯರು ಬೆಳೆದರು. ಮುಂದೆ ನಮ್ಮ ಸಂವಿಧಾನದ ಮೂಲಪ್ರತಿಯ ಪುಟಗಳನ್ನ ಚಿತ್ರಗಳಿಂದ ಸಿಂಗರಿಸಿದ್ದು ಅವರು ಮತ್ತು ಅವರ ಶಿಷ್ಯರು. ನಂದಲಾಲ್ ಬೆನ್ನಿಗೆ ಒಂದು ಸಂಸ್ಥೆ ಇತ್ತು. ವೆಂಕಟಪ್ಪನವರ ಬೆನ್ನಿಗಿದ್ದದ್ದು ಒಬ್ಬ ವ್ಯಕ್ತಿ. ವ್ಯಕ್ತಿ ಎಷ್ಟೇ ದೊಡ್ಡವರಾಗಿರಲಿ, ಒಂದು ದಿನ ಹೋಗ್ತಾರೆ. ಸಂಸ್ಥೆ ಉಳಿಯುತ್ತೆ. ವ್ಯತ್ಯಾಸ ಇಷ್ಟೇ. ಆದರೆ ಇಡೀ ಬದುಕು ನಿಂತಿರೋದು ಈ ಇಷ್ಟರ ಮೇಲೆ.

ವೆಂಕಟಪ್ಪ 1965ರಲ್ಲಿ ತೀರಿಕೊಂಡರು. 1970ರ ದಶಕದಲ್ಲಿ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ, ಸರ್ಕಾರಿ ಮ್ಯೂಸಿಯಂ ಪಕ್ಕದಲ್ಲಿ, ಅವರ ಹೆಸರಿನ ಗ್ಯಾಲರಿ ಎದ್ದಿತು. ಬದುಕಿದ್ದಾಗ ಸಿಗದ ಸಂಸ್ಥೆ ಸತ್ತ ಮೇಲೆ ಸಿಕ್ಕಿತು. 2016ರಲ್ಲಿ ಆ ಗ್ಯಾಲರಿಯ ಹೊಣೆಯನ್ನ ಖಾಸಗಿಯವರ ಜೊತೆ ಹಂಚಿಕೊಳ್ಳುವ ಸರ್ಕಾರದ ಯೋಜನೆಯ ವಿರುದ್ಧ ಕಲಾವಿದರು ಬೀದಿಗಿಳಿದರು. ಬಾಡಿಗೆಗೆ ದೊಡ್ಡ ಹಾಲ್ ಹಿಡಿಯೋಕೆ ಆಗದ ಹುಡುಗ ಹುಡುಗಿಯರು ಮೊದಲ ಪ್ರದರ್ಶನ ಮಾಡೋದು ಇಂಥ ಜಾಗದಲ್ಲೇ. ಖಾಸಗಿಯವರು ಬರಲೇಬಾರದು ಅಂತ ನಾನು ಹೇಳಲ್ಲ. ಆದರೆ ಬಾಗಿಲ ಬೀಗದ ಕೈ ಯಾರ ಹತ್ತಿರ ಇರುತ್ತೆ ಅಂತ ಕೇಳೋದು ತಪ್ಪಲ್ಲ.

ಇವತ್ತೂ ಮೈಸೂರಿನ ಕಾವಾದಲ್ಲಿ ನೂರಾರು ಮಕ್ಕಳು ಚಿತ್ರ, ಶಿಲ್ಪ ಕಲೀತಿದ್ದಾರೆ. ದಸರಾ ಬಂದಾಗ ಸ್ತಬ್ಧಚಿತ್ರ ಮಾಡೋಕೆ, ಗೋಡೆಗೆ ಬಣ್ಣ ಬಳಿಯೋಕೆ ನಮಗೆ ಕಲಾವಿದರು ಬೇಕು. ಮಿಕ್ಕ ದಿನಗಳಲ್ಲಿ? ಅವರನ್ನ ಕಾಯೋಕೆ ಈಗ ಮಹಾರಾಜರಿಲ್ಲ. ಇರೋದು ನಾವು, ನಮ್ಮ ತೆರಿಗೆ ಹಣ, ನಾವು ಆರಿಸಿದ ಸರ್ಕಾರ. ಮಾಡಿದ ಕೆಲಸಕ್ಕೆ ಸರಿಯಾದ ಸಂಭಾವನೆ, ಹೊತ್ತಿಗೆ ಸರಿಯಾಗಿ ಸಿಗಲಿ. ಅದು ಕೃಪೆ ಅಲ್ಲ, ಬಾಕಿ.