ಮುದಗಲ್ಲಿನ ಚೆಲುವೆ ಮತ್ತು ಹುಚ್ಚು ಪ್ರೇಮಿ

ಲಿಂಗಸುಗೂರು ತಾಲ್ಲೂಕಿನ ಮುದಗಲ್ ಎಂದರೆ ಬಹುಮಂದಿಗೆ ಕೋಟೆ, ಕಂದಕ, ಮೊಹರಂ. ಇತಿಹಾಸದ ಪುಟಗಳಲ್ಲಿ ಮಾತ್ರ ಈ ಊರಿನ ಹೆಸರಿಗೆ ಅಕ್ಕಸಾಲಿಗನ ಮಗಳೊಬ್ಬಳ ಕಥೆಯೂ ಅಂಟಿಕೊಂಡಿದೆ. ಆಕೆ ಪಾರ್ಥಾಲ್. ವಿಜಯನಗರಕ್ಕೂ ಬಹಮನಿ ಸುಲ್ತಾನರಿಗೂ 1406ರಲ್ಲಿ ನಡೆದ ಯುದ್ಧಕ್ಕೆ ಆಕೆಯನ್ನೇ ಕಾರಣ ಮಾಡುವುದು ವಾಡಿಕೆ. ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫೆರಿಷ್ತಾ ಬರೆದದ್ದನ್ನು ಗಮನವಿಟ್ಟು ಓದಿದರೆ, ಕಾರಣ ಆಕೆಯಲ್ಲ, ದೊರೆಯ ಮೋಹ ಎಂಬುದು ತಿಳಿಯುತ್ತದೆ.

ಕಾಶಿಯಿಂದ ಮರಳುತ್ತಿದ್ದ ಬ್ರಾಹ್ಮಣನೊಬ್ಬ ಅಕ್ಕಸಾಲಿಗನ ಮನೆಯಲ್ಲಿ ಇಳಿದುಕೊಂಡ. ಹುಡುಗಿಯ ಚೆಲುವಿಗೆ ಬೆರಗಾಗಿ, ಆಕೆಗೆ ಸಂಗೀತ ಕಲಿಸಿ, ವಿಜಯನಗರಕ್ಕೆ ಹೋಗಿ ಒಂದನೆಯ ದೇವರಾಯನ ಮುಂದೆ ಬಣ್ಣಿಸಿದ. ದೊರೆ ಆಕೆಯನ್ನು ಕಂಡವನೇ ಅಲ್ಲ, ಕೇಳಿಯೇ ಮರುಳಾದ. ಬ್ರಾಹ್ಮಣ ಉಡುಗೊರೆಗಳೊಂದಿಗೆ ಮತ್ತೆ ಬಂದಾಗ ತಾಯಿತಂದೆ ಹಿಗ್ಗಿದರು. ಸಂಬಂಧ ಗಟ್ಟಿಮಾಡಲು ಅವನು ರತ್ನದ ಸರ ತೊಡಿಸಹೋದರೆ ಹುಡುಗಿ ಕೊರಳನ್ನು ಹಿಂದಕ್ಕೆಳೆದುಕೊಂಡಳು. ಆ ಅರಮನೆ ಸೇರಿದ ಹೆಣ್ಣು ಮತ್ತೆ ಹೆತ್ತವರ ಮುಖ ನೋಡುವಂತಿಲ್ಲ ಎಂಬುದು ಆಕೆ ಕೊಟ್ಟ ಕಾರಣ.

ಇಲ್ಲಿಗೆ ಮುಗಿದಿದ್ದರೆ ಅದು ಕೈಗೂಡದ ಒಂದು ಆಸೆ, ಅಷ್ಟೆ. ದೇವರಾಯ ಬಿಡಲಿಲ್ಲ. ಪ್ರವಾಸದ ನೆಪದಲ್ಲಿ ತುಂಗಭದ್ರೆಯ ದಡಕ್ಕೆ ಬಂದು, ಹಿತ ಹೇಳಿದವರ ಮಾತು ಮೀರಿ, 5,000 ಕುದುರೆ ಸವಾರರನ್ನು ಮುದಗಲ್ಲಿಗೆ ಅಟ್ಟಿದ. ಇಂದಿನ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಿರುವ ಈ ದೋಆಬ್ ಸೀಮೆಯಲ್ಲಿ ಮುದಗಲ್ ಆಗ ಬಹಮನಿಗಳ ಕೈಯಲ್ಲಿತ್ತು. ಸುದ್ದಿ ತಿಳಿದು ಊರಿನವರು ಓಡಿಹೋದರು. ಹುಡುಗಿಯ ಮನೆಯವರೂ ಅವರ ಜೊತೆ ಓಡಿದರು. ಬರಿಗೈಯಲ್ಲಿ ಮರಳಿದ ಸವಾರರು ದಾರಿಯ ಊರುಗಳನ್ನು ದೋಚಿದರು.

ಹುಚ್ಚು ಪ್ರೇಮಿಯ ಗುರುತು ಇರುವುದು ಇಲ್ಲಿಯೇ. ಪ್ರೀತಿ ಅಳತೆ ಮೀರಿತು ಎಂಬುದಲ್ಲ. ಎದುರಿನವರ ‘ಒಲ್ಲೆ’ ಎಂಬ ಮಾತು ಅವನಿಗೆ ಉತ್ತರವಾಗಿ ಕೇಳಿಸುವುದೇ ಇಲ್ಲ, ದಾಟಬೇಕಾದ ಹೊಳೆಯಂತೆ ಕಾಣುತ್ತದೆ.

ಕನ್ನಡ ಕಾವ್ಯಕ್ಕೆ ಇಂಥವನು ಅದಕ್ಕೂ ಮೊದಲೇ ಪರಿಚಿತ. 1230ರಲ್ಲಿ ಜನ್ನ ಬರೆದ ‘ಅನಂತನಾಥ ಪುರಾಣ’ದಲ್ಲಿ ಚಂಡಶಾಸನನು ಗೆಳೆಯ ವಸುಷೇಣನ ಅತಿಥಿಯಾಗಿ ಬಂದು ಅವನ ಮಡದಿ ಸುನಂದೆಯನ್ನೇ ಹೊತ್ತೊಯ್ಯುತ್ತಾನೆ. ಆಕೆ ಒಲಿಯುವುದಿಲ್ಲ. ವಸುಷೇಣನದೆಂದು ನಂಬಿಸಿ ಕೃತಕ ತಲೆಯೊಂದನ್ನು ಆಕೆಯ ಮುಂದಿಡಿಸುತ್ತಾನೆ. ಸುನಂದೆ ಪ್ರಾಣಬಿಡುತ್ತಾಳೆ, ಚಂಡಶಾಸನ ಆಕೆಯ ಶವದೊಂದಿಗೆ ಚಿತೆಯೇರುತ್ತಾನೆ. ಇದನ್ನು ಉತ್ಕಟ ಪ್ರೇಮವೆಂದು ಮರುಗುವವರಿದ್ದಾರೆ. ಸುನಂದೆಯ ಕಡೆಯಿಂದ ನೋಡಿದರೆ, ಸತ್ತ ಮೇಲೂ ಆಕೆಗೆ ಅವನಿಂದ ಬಿಡುಗಡೆ ಸಿಗಲಿಲ್ಲ.

ಜಪಾನಿನ ‘ಮಂಗಾ’ ಚಿತ್ರಕಥೆಗಳಲ್ಲಿ ಇಂಥ ಪಾತ್ರಕ್ಕೆ ‘ಯಾಂದೆರೆ’ ಎಂಬ ಹೆಸರೇ ಇದೆ: ಕಾಯಿಲೆಯನ್ನೂ ಮುದ್ದನ್ನೂ ಸೂಚಿಸುವ ಎರಡು ಮಾತುಗಳ ಬೆಸುಗೆ. ಅಲ್ಲಿ ಬಹುಪಾಲು ಹುಡುಗಿಯರೇ. 2006ರಲ್ಲಿ ಆರಂಭವಾದ ‘ಮಿರಾಯ್ ನಿಕ್ಕಿ’ಯ ಯೂನೊ ಇದರ ಪ್ರಸಿದ್ಧ ಮಾದರಿ. ತಾನು ಮೆಚ್ಚಿದ ಹುಡುಗ ಹತ್ತು ಹತ್ತು ನಿಮಿಷಕ್ಕೆ ಏನು ಮಾಡುತ್ತಾನೆಂಬುದು ಆಕೆಯ ಫೋನಿನ ದಿನಚರಿಯಲ್ಲಿ ದಾಖಲಾಗುತ್ತದೆ. ಅವನಿಗಾಗಿ ಕೊಲ್ಲಲೂ ಆಕೆ ಹಿಂಜರಿಯಳು. ಐದು ಸಾವಿರ ಸವಾರರು ಬೇಕಿಲ್ಲ, ಒಂದು ಫೋನು ಸಾಕು.

ಮುದಗಲ್ ಪ್ರಸಂಗವನ್ನು ಅಕ್ಷರಶಃ ನಂಬಬೇಕಾಗಿಲ್ಲ. ಫೆರಿಷ್ತಾ ಬರೆದದ್ದು ಸುಮಾರು 200 ವರ್ಷಗಳ ಅನಂತರ, ಬಹಮನಿಗಳ ಉತ್ತರಾಧಿಕಾರಿಗಳ ಆಶ್ರಯದಲ್ಲಿ. ಕೃಷ್ಣಾ–ತುಂಗಭದ್ರೆಗಳ ನಡುವಿನ ಈ ನೆಲಕ್ಕಾಗಿ ಎರಡು ರಾಜ್ಯಗಳೂ ಹೆಣ್ಣಿನ ನೆಪವಿಲ್ಲದೆಯೇ ಹಲವು ಬಾರಿ ಕಾದಾಡಿದ್ದವು. ಅವನ ಪ್ರಕಾರ, ಸೋತ ದೇವರಾಯ ಬಂಕಾಪುರದ ಕೋಟೆಯನ್ನೂ ತನ್ನ ಮಗಳನ್ನೂ ಸುಲ್ತಾನ ಫಿರೋಜ್ ಷಾನಿಗೆ ಕೊಡಬೇಕಾಯಿತು. ಪಾರ್ಥಾಲಳನ್ನು ಮುದಗಲ್ಲಿನಿಂದ ಕರೆಸಿ ಸುಲ್ತಾನನ ಮಗ ಹಸನ್ ಖಾನನಿಗೆ ಮದುವೆ ಮಾಡಲಾಯಿತು.